ಅಧಿಕಾರ ಅಲ್ಪ, ಹೊಣೆ ಅಪಾರ: ಗ್ರಂಥಪಾಲಕರ ಸಂಘದ ಅಧ್ಯಕ್ಷಗಿರಿಗೆ ಏಕಿಷ್ಟು ಮಹತ್ವ?

ಗ್ರಂಥಪಾಲಕರ ಸಂಘದ ಚುನಾವಣೆ ಎಂದರೆ ಆ ವೃತ್ತಿಯವರನ್ನು ಬಿಟ್ಟು ಬೇರೆಯವರು ತಿರುಗಿಯೂ ನೋಡದ ಸಂಗತಿ. ಆದರೆ 2022ರಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್‌ನ ಅಧ್ಯಕ್ಷ ಸ್ಥಾನಕ್ಕೆ ನಡೆದ ಚುನಾವಣೆ ಈ ಮಾತಿಗೆ ಅಪವಾದವಾಯಿತು. ಮತ ಎಣಿಕೆ ಮುಗಿದು ಸುಮಾರು ಒಂದೂಕಾಲು ವರ್ಷ ಕಳೆಯುವಷ್ಟರಲ್ಲಿ ಅದರ ಫಲಿತಾಂಶ ಮೊಂಟಾನಾ ರಾಜ್ಯದ ಸರ್ಕಾರಿ ಗ್ರಂಥಾಲಯ ಆಯೋಗದ ಸಭೆಯಲ್ಲಿ ಚರ್ಚೆಯ ವಸ್ತುವಾಗಿತ್ತು. ಆ ಆಯೋಗ ಸಂಘದೊಂದಿಗಿನ ನಂಟನ್ನೇ ಕಡಿದುಕೊಂಡಿತು.

ಸಂಬಳವಿಲ್ಲದ, ಕೇವಲ ಒಂದು ವರ್ಷದ ಈ ಹುದ್ದೆಗೆ ಗ್ರಂಥಪಾಲಕರೊಬ್ಬರು ಏಕೆ ಸ್ಪರ್ಧಿಸುತ್ತಾರೆ? ಗೆದ್ದವರ ಕೈಗೆ ಸಿಗುವುದಾದರೂ ಏನು? ಒಬ್ಬ ಅಧ್ಯಕ್ಷರ ಮಾತಿಗೆ ಸರ್ಕಾರಗಳು ಇಷ್ಟು ಗಂಭೀರವಾಗಿ ಪ್ರತಿಕ್ರಿಯಿಸಲು ಕಾರಣವೇನು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಸಂಘದ ರಚನೆಯನ್ನೂ ಇತಿಹಾಸವನ್ನೂ ಸ್ವಲ್ಪ ಅರಿಯಬೇಕಾಗುತ್ತದೆ.

ಒಂದೂವರೆ ಶತಮಾನದ ಸಂಘ

ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಸ್ಥಾಪನೆಯಾದದ್ದು 1876ರಲ್ಲಿ, ಫಿಲಡೆಲ್ಫಿಯಾ ನಗರದಲ್ಲಿ. ಅಂದಿನ ಸಮಾವೇಶಕ್ಕೆ ಬಂದಿದ್ದವರು 103 ಮಂದಿ. ಅವರಲ್ಲಿ 90 ಪುರುಷರು, 13 ಮಹಿಳೆಯರು. ಜಸ್ಟಿನ್ ವಿನ್ಸರ್ ಮೊದಲ ಅಧ್ಯಕ್ಷರಾದರು. ಗ್ರಂಥಗಳ ದಶಮಾಂಶ ವರ್ಗೀಕರಣದಿಂದ ಜಗತ್ತಿಗೆಲ್ಲ ಪರಿಚಿತರಾದ ಮೆಲ್ವಿಲ್ ಡ್ಯೂಯಿ ಸ್ಥಾಪಕರಲ್ಲಿ ಒಬ್ಬರು. ಮುಂದೆ ಎರಡು ಬಾರಿ ಅಧ್ಯಕ್ಷರೂ ಆದರು.

ಈ ಸಂಘ ಸರ್ಕಾರದ ಅಂಗವಲ್ಲ. ಚಂದಾ ಕಟ್ಟುವ ಸದಸ್ಯರಿಂದ ನಡೆಯುವ ಸ್ವಯಂಸೇವಾ ಸಂಸ್ಥೆ. ಗ್ರಂಥಪಾಲಕರು ವೈಯಕ್ತಿಕವಾಗಿ ಸದಸ್ಯರಾಗಬಹುದು, ಗ್ರಂಥಾಲಯಗಳು ಸಂಸ್ಥೆಗಳಾಗಿ ಸೇರಬಹುದು. ಹಾಗಿದ್ದರೂ ಅದರ ಪ್ರಭಾವ ಸಣ್ಣದಲ್ಲ. ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಕೋರ್ಸುಗಳಿಗೆ ಮಾನ್ಯತೆ ನೀಡುವುದು ಇದೇ ಸಂಘ. ಈ ಮಾನ್ಯತೆ ಇರುವ ಪದವಿಯಿಲ್ಲದೆ ಅಮೆರಿಕದ ಎಷ್ಟೋ ಗ್ರಂಥಾಲಯಗಳಲ್ಲಿ ಗ್ರಂಥಪಾಲಕರ ಹುದ್ದೆಗೆ ಅರ್ಜಿ ಹಾಕುವಂತೆಯೇ ಇಲ್ಲ. ಮಕ್ಕಳ ಸಾಹಿತ್ಯಕ್ಕೆ ಮೀಸಲಾದ ನ್ಯೂಬೆರಿ ಪದಕವನ್ನು 1922ರಿಂದಲೂ, ಚಿತ್ರಪುಸ್ತಕಗಳಿಗೆ ಸಲ್ಲುವ ಕಾಲ್ಡೆಕಾಟ್ ಪದಕವನ್ನು 1938ರಿಂದಲೂ ಕೊಡುತ್ತಾ ಬಂದಿರುವುದು ಈ ಸಂಘವೇ.

ಓದುಗರ ಸ್ವಾತಂತ್ರ್ಯದ ವಿಷಯದಲ್ಲಿ ಸಂಘ ತಳೆದ ನಿಲುವು ಇನ್ನೂ ಮುಖ್ಯವಾದುದು. 1939ರಲ್ಲಿ ಅದು ಗ್ರಂಥಾಲಯ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಬರೆದವರ ಹಿನ್ನೆಲೆ ಅಥವಾ ಅಭಿಪ್ರಾಯವನ್ನು ನೋಡಿ ಪುಸ್ತಕವನ್ನು ಹೊರಗಿಡಬಾರದು ಎಂಬುದು ಅದರ ತಿರುಳು. 1967ರಲ್ಲಿ ಬೌದ್ಧಿಕ ಸ್ವಾತಂತ್ರ್ಯಕ್ಕಾಗಿಯೇ ಪ್ರತ್ಯೇಕ ಕಚೇರಿ ತೆರೆಯಲಾಯಿತು. ಪುಸ್ತಕಗಳನ್ನು ತೆಗೆದುಹಾಕಬೇಕೆಂಬ ಬೇಡಿಕೆಗಳ ಲೆಕ್ಕ ಇಡುವುದು ಈ ಕಚೇರಿಯೇ.

ಒಂದು ಗೆಲುವು, ಮೂರು ವರ್ಷ

ಅಧ್ಯಕ್ಷರ ಆಯ್ಕೆ ಪ್ರತಿ ವರ್ಷವೂ ನಡೆಯುತ್ತದೆ. ನಾಮನಿರ್ದೇಶನ ಸಮಿತಿ ಅಭ್ಯರ್ಥಿಗಳನ್ನು ಸೂಚಿಸುವುದು ವಾಡಿಕೆ. ಸದಸ್ಯರ ಸಹಿ ಸಂಗ್ರಹಿಸಿ ಕಣಕ್ಕಿಳಿಯುವ ದಾರಿಯೂ ಉಂಟು. ಮತದಾನ ಆನ್‌ಲೈನ್‌ನಲ್ಲಿ ನಡೆಯುತ್ತದೆ. ಪಕ್ಷ, ಚಿಹ್ನೆಗಳ ಗೊಡವೆ ಇಲ್ಲ.

ಗೆದ್ದವರು ಕೂಡಲೇ ಅಧ್ಯಕ್ಷರ ಕುರ್ಚಿಯಲ್ಲಿ ಕೂರುವುದಿಲ್ಲ. ಮೊದಲ ವರ್ಷ ನಿಯೋಜಿತ ಅಧ್ಯಕ್ಷರು, ಎರಡನೆಯ ವರ್ಷ ಅಧ್ಯಕ್ಷರು, ಮೂರನೆಯ ವರ್ಷ ನಿಕಟಪೂರ್ವ ಅಧ್ಯಕ್ಷರು. ಹೀಗೆ ಒಂದು ಗೆಲುವು ಮೂರು ವರ್ಷಗಳ ದುಡಿಮೆಯನ್ನು ಬೇಡುತ್ತದೆ. ಬಹುತೇಕರು ತಮ್ಮ ಮೂಲ ಉದ್ಯೋಗದಲ್ಲಿದ್ದುಕೊಂಡೇ ಈ ಹೊಣೆ ಹೊರುತ್ತಾರೆ.

ಅಧಿಕಾರದ ಲೆಕ್ಕ ಹಾಕಿದರೆ ಅಧ್ಯಕ್ಷರ ಪಾಲಿಗೆ ಬರುವುದು ಕಡಿಮೆಯೇ. ನೀತಿ ನಿರ್ಧಾರಗಳು ಚುನಾಯಿತ ಮಂಡಳಿಗಳ ಕೈಯಲ್ಲಿವೆ. ದೈನಂದಿನ ಆಡಳಿತ ನಡೆಸುವವರು ಷಿಕಾಗೊ ನಗರದ ಪ್ರಧಾನ ಕಚೇರಿಯಲ್ಲಿರುವ, ವೇತನ ಪಡೆಯುವ ಕಾರ್ಯನಿರ್ವಾಹಕ ನಿರ್ದೇಶಕರು. ಯಾವ ಊರಿನ ಗ್ರಂಥಾಲಯ ಯಾವ ಪುಸ್ತಕ ಕೊಳ್ಳಬೇಕೆಂದು ಆದೇಶಿಸುವ ಅಧಿಕಾರ ಅಧ್ಯಕ್ಷರಿಗಿಲ್ಲ, ಸಂಘಕ್ಕೂ ಇಲ್ಲ. ಅಧ್ಯಕ್ಷರಿಗೆ ಸಿಗುವುದು ಒಂದು ವೇದಿಕೆ, ಇಡೀ ವೃತ್ತಿಯ ಪರವಾಗಿ ಮಾತನಾಡುವ ಅವಕಾಶ. ಆ ಸ್ಥಾನದ ಬೆಲೆಯೂ ಅಪಾಯವೂ ಇರುವುದು ಅಲ್ಲಿಯೇ.

ಯಾರು ಕುಳಿತರು ಎಂಬುದೇ ಸುದ್ದಿ

ಈ ಕುರ್ಚಿ ಎಲ್ಲರಿಗೂ ಸುಲಭವಾಗಿ ಒಲಿದದ್ದಲ್ಲ. ಮಹಿಳೆಯರೇ ಹೆಚ್ಚಾಗಿ ದುಡಿಯುವ ವೃತ್ತಿಯಾದರೂ ಮೊದಲ ಮಹಿಳಾ ಅಧ್ಯಕ್ಷೆಗಾಗಿ 1911ರವರೆಗೆ ಕಾಯಬೇಕಾಯಿತು. ಬಫಲೋ ನಗರದ ಸಾರ್ವಜನಿಕ ಗ್ರಂಥಾಲಯದ ಥೆರೆಸಾ ಎಲ್ಮೆಂಡಾರ್ಫ್ ಆ ಗೌರವಕ್ಕೆ ಪಾತ್ರರಾದರು. ಸಂಘ ಶತಮಾನ ಪೂರೈಸಿದ 1976ರಲ್ಲಿ ಕ್ಲಾರಾ ಸ್ಟ್ಯಾಂಟನ್ ಜೋನ್ಸ್ ಆಫ್ರಿಕನ್ ಅಮೆರಿಕನ್ ಸಮುದಾಯದಿಂದ ಬಂದ ಪ್ರಥಮ ಅಧ್ಯಕ್ಷೆಯಾದರು. ಅದಕ್ಕೆ ಆರು ವರ್ಷ ಮುಂಚೆ ಡೆಟ್ರಾಯಿಟ್ ಸಾರ್ವಜನಿಕ ಗ್ರಂಥಾಲಯದ ನಿರ್ದೇಶಕಿಯಾಗಿ ಅವರನ್ನು ನೇಮಿಸಿದಾಗ ತೀವ್ರ ವಿರೋಧ ವ್ಯಕ್ತವಾಗಿತ್ತು. ಅಮೆರಿಕದ ಮೂಲನಿವಾಸಿಗಳ ಪೈಕಿ ಮೊದಲಿಗರಾಗಿ ಲೊರೀನ್ ರಾಯ್ ಈ ಸ್ಥಾನಕ್ಕೇರಿದ್ದು 2007ರಲ್ಲಿ.

ಡ್ಯೂಯಿ ಅವರ ಹೆಸರಿಗೆ ಬಂದ ಗತಿಯೂ ಇಲ್ಲಿ ಉಲ್ಲೇಖನೀಯ. ಯಹೂದಿಗಳಿಗೆ ಪ್ರವೇಶ ನಿರಾಕರಿಸುತ್ತಿದ್ದ ಕ್ಲಬ್ ನಡೆಸಿದ್ದು ಮತ್ತು ಮಹಿಳೆಯರೊಂದಿಗಿನ ಅವರ ದುರ್ವರ್ತನೆ ಇವುಗಳನ್ನು ಪರಿಗಣಿಸಿ, ಸಂಘ ತನ್ನ ಉನ್ನತ ಪದಕಕ್ಕಿದ್ದ ಅವರ ಹೆಸರನ್ನು ಕೈಬಿಡಲು 2019ರಲ್ಲಿ ನಿರ್ಧರಿಸಿತು.

ಅಧ್ಯಕ್ಷರ ಮಾತು ಸರ್ಕಾರದ ಕಿವಿಗೆ ಬೀಳುವುದು ಹೊಸದೇನಲ್ಲ. 2001ರ ದಾಳಿಯ ಬಳಿಕ ಜಾರಿಗೆ ಬಂದ ಪೇಟ್ರಿಯಟ್ ಕಾಯ್ದೆ, ಯಾರು ಯಾವ ಪುಸ್ತಕ ಪಡೆದರು ಎಂಬ ದಾಖಲೆಯನ್ನು ತನಿಖಾ ಸಂಸ್ಥೆಗಳು ಕೇಳುವುದಕ್ಕೆ ದಾರಿ ಮಾಡಿಕೊಟ್ಟಿತ್ತು. 2003ರಲ್ಲಿ ಸಂಘದ ಅಧ್ಯಕ್ಷೆಯಾದ ಬಾಲ್ಟಿಮೋರ್‌ನ ಕಾರ್ಲಾ ಹೇಡನ್ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಅಂದಿನ ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್ ಗ್ರಂಥಪಾಲಕರ ಆತಂಕ ಬುಡವಿಲ್ಲದ್ದೆಂದು ಸಾರ್ವಜನಿಕ ಭಾಷಣದಲ್ಲೇ ಟೀಕಿಸಬೇಕಾಗಿ ಬಂತು. ಹೇಡನ್ ಮುಂದೆ 2016ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥೆಯಾದರು. ಆ ಹುದ್ದೆಗೇರಿದ ಪ್ರಥಮ ಮಹಿಳೆ ಅವರು. 2025ರ ಮೇ ತಿಂಗಳಿನಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಆಡಳಿತ ಅವರನ್ನು ವಜಾ ಮಾಡಿತು.

788 ಮತಗಳ ಅಂತರ

2022ರ ಕಣದಲ್ಲಿದ್ದವರು ಇಬ್ಬರು. ಒಬ್ಬರು ಲಾಸ್ ವೇಗಸ್-ಕ್ಲಾರ್ಕ್ ಕೌಂಟಿ ಗ್ರಂಥಾಲಯ ವ್ಯವಸ್ಥೆಯ ಕಾರ್ಯನಿರ್ವಾಹಕ ನಿರ್ದೇಶಕ ಕೆಲ್ವಿನ್ ವಾಟ್ಸನ್. ಇನ್ನೊಬ್ಬರು ನ್ಯೂಯಾರ್ಕ್‌ನ ಸಿಟಿ ವಿಶ್ವವಿದ್ಯಾನಿಲಯದ ಗ್ರಾಜುಯೇಟ್ ಸೆಂಟರ್‌ನಲ್ಲಿ ಗ್ರಂಥಪಾಲಕಿಯಾಗಿದ್ದ ಎಮಿಲಿ ಡ್ರಾಬಿನ್‌ಸ್ಕಿ. ಒಂದು ದೊಡ್ಡ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಯನ್ನು ಮುನ್ನಡೆಸಿದ ಅನುಭವ ವಾಟ್ಸನ್ ಅವರದು. ಡ್ರಾಬಿನ್‌ಸ್ಕಿ ಬೋಧಕರ ಕಾರ್ಮಿಕ ಸಂಘಟನೆಯಲ್ಲಿ ಪಳಗಿದವರು. ಹಿಂದೆ ಅವರು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾನಿಲಯವೊಂದು 2016ರಲ್ಲಿ ಬೋಧಕರಿಗೆ ಬಾಗಿಲು ಮುಚ್ಚಿದಾಗ ಹೋರಾಟದ ಮುಂಚೂಣಿಯಲ್ಲಿದ್ದರು. ಗ್ರಂಥಪಾಲಕರ ಸಾಮೂಹಿಕ ಶಕ್ತಿಯನ್ನು ಕಟ್ಟಬೇಕೆಂಬುದು ಅವರ ಪ್ರಚಾರದ ಮುಖ್ಯ ಮಾತಾಗಿತ್ತು.

ಡ್ರಾಬಿನ್‌ಸ್ಕಿ ಅವರಿಗೆ 5,410 ಮತಗಳು, ವಾಟ್ಸನ್ ಅವರಿಗೆ 4,622 ಮತಗಳು ಬಂದವು. ಗೆಲುವಿನ ಅಂತರ 788. ಸುಮಾರು 50 ಸಾವಿರ ಸದಸ್ಯರಿದ್ದ ಸಂಘದಲ್ಲಿ ಮತ ಹಾಕಿದವರು ಹತ್ತು ಸಾವಿರದಷ್ಟು ಮಾತ್ರ ಎಂಬುದು ಗಮನಾರ್ಹ. ಅಂದರೆ ಐವರಲ್ಲಿ ನಾಲ್ವರು ಈ ಆಯ್ಕೆಯಿಂದ ದೂರವೇ ಉಳಿದಿದ್ದರು.

ಗೆಲುವಿನ ಸಂಭ್ರಮದಲ್ಲಿ ಡ್ರಾಬಿನ್‌ಸ್ಕಿ ಟ್ವಿಟರ್‌ನಲ್ಲಿ ಬರೆದ ಕೆಲವು ಸಾಲುಗಳಲ್ಲಿ ತಮ್ಮನ್ನು ಮಾರ್ಕ್ಸ್‌ವಾದಿ ಎಂದೂ ಸಲಿಂಗಿ ಮಹಿಳೆ ಎಂದೂ ಕರೆದುಕೊಂಡಿದ್ದರು. ಸಂದೇಶವನ್ನು ಬಳಿಕ ಅಳಿಸಿದರಾದರೂ ಅಷ್ಟರಲ್ಲಿ ಅದು ರಾಜಕೀಯ ವಲಯಕ್ಕೆ ಹರಡಿತ್ತು.

ಹೊರನಡೆದ ರಾಜ್ಯಗಳು

ಕಾಲವೂ ಬಿಸಿಯಾಗಿತ್ತು. ಜನಾಂಗ, ಲೈಂಗಿಕತೆ ಕುರಿತ ಪುಸ್ತಕಗಳನ್ನು ಶಾಲೆ ಹಾಗೂ ಸಾರ್ವಜನಿಕ ಗ್ರಂಥಾಲಯಗಳಿಂದ ತೆಗೆಯಬೇಕೆಂಬ ಒತ್ತಾಯ ದೇಶದೆಲ್ಲೆಡೆ ಏರುತ್ತಿತ್ತು. ಸಂಘದ ಲೆಕ್ಕದ ಪ್ರಕಾರ 2022ರಲ್ಲಿ ಇಂಥ 1,269 ಬೇಡಿಕೆಗಳು ದಾಖಲಾದವು. 2023ರಲ್ಲಿ ಬೇಡಿಕೆಗಳ ಸಂಖ್ಯೆ 1,247; ಆದರೆ ಆಕ್ಷೇಪಕ್ಕೊಳಗಾದ ಕೃತಿಗಳ ಸಂಖ್ಯೆ 2,571ರಿಂದ 4,240ಕ್ಕೆ ಜಿಗಿಯಿತು. 2024ರಲ್ಲಿ 821 ಬೇಡಿಕೆಗಳು ದಾಖಲಾದವು.

ಡ್ರಾಬಿನ್‌ಸ್ಕಿ ಅಧಿಕಾರ ವಹಿಸಿಕೊಂಡ ಬೆನ್ನಲ್ಲೇ, 2023ರ ಜುಲೈನಲ್ಲಿ ಮೊಂಟಾನಾ ರಾಜ್ಯ ಗ್ರಂಥಾಲಯ ಆಯೋಗ ಸಂಘದಿಂದ ಹೊರಬರಲು ಬಹುಮತದಿಂದ ತೀರ್ಮಾನಿಸಿತು. ಮಾರ್ಕ್ಸ್‌ವಾದಿಯೊಬ್ಬರು ಮುನ್ನಡೆಸುವ ಸಂಸ್ಥೆಯೊಂದಿಗೆ ನಂಟು ಇಟ್ಟುಕೊಳ್ಳುವುದು ತಾವು ಸಂವಿಧಾನದ ಹೆಸರಿನಲ್ಲಿ ಸ್ವೀಕರಿಸಿದ ಪ್ರಮಾಣಕ್ಕೆ ಹೊಂದುವುದಿಲ್ಲ ಎಂಬುದು ಆಯೋಗ ಮುಂದಿಟ್ಟ ಕಾರಣ. ಅದೇ ಬೇಸಿಗೆಯಲ್ಲಿ ಮಿಸೌರಿ ಮತ್ತು ಟೆಕ್ಸಾಸ್ ರಾಜ್ಯ ಗ್ರಂಥಾಲಯ ಸಂಸ್ಥೆಗಳೂ ಸಂಘದ ಸದಸ್ಯತ್ವ ತೊರೆದವು. ಮಿಸೌರಿಯ ನಿರ್ಧಾರ ಪ್ರಕಟಿಸಿದ ಅಂದಿನ ರಾಜ್ಯ ಕಾರ್ಯದರ್ಶಿ ಜೇ ಆಶ್‌ಕ್ರಾಫ್ಟ್, 2003ರಲ್ಲಿ ಹೇಡನ್ ಅವರೊಂದಿಗೆ ವಾಗ್ವಾದಕ್ಕಿಳಿದ ಜಾನ್ ಆಶ್‌ಕ್ರಾಫ್ಟ್ ಅವರ ಪುತ್ರ.

ಎರಡೂ ಕಡೆಯವರ ವಾದಗಳಲ್ಲಿ ತೂಕವಿದೆ. ತೆರಿಗೆದಾರರ ಹಣದಿಂದ ಸದಸ್ಯತ್ವ ಶುಲ್ಕ ಕಟ್ಟುವ ಸಂಸ್ಥೆ ಎಲ್ಲ ಅಭಿಪ್ರಾಯದವರನ್ನೂ ಪ್ರತಿನಿಧಿಸಬೇಕು, ಅದರ ಮುಖ್ಯಸ್ಥರು ಒಂದು ಸಿದ್ಧಾಂತದ ಗುರುತು ಧರಿಸುವುದು ಸಲ್ಲದು ಎನ್ನುತ್ತಾರೆ ಟೀಕಾಕಾರರು. ವೈಯಕ್ತಿಕ ನಂಬಿಕೆ ಸಂಘದ ನೀತಿಯಲ್ಲ. ನೀತಿ ರೂಪಿಸುವುದು ಮಂಡಳಿಗಳೇ ಹೊರತು ಅಧ್ಯಕ್ಷರಲ್ಲ. ಪುಸ್ತಕಗಳ ಮೇಲಿನ ಜಗಳಕ್ಕೆ ಅಧ್ಯಕ್ಷರ ಗುರುತು ಬರೀ ನೆಪ ಎನ್ನುವುದು ಬೆಂಬಲಿಗರ ವಾದ.

ನಷ್ಟ ಯಾರಿಗೆ? ರಾಜ್ಯ ಗ್ರಂಥಾಲಯ ಹೊರನಡೆದ ಮಾತ್ರಕ್ಕೆ ಆ ರಾಜ್ಯದ ಗ್ರಂಥಪಾಲಕರ ವೈಯಕ್ತಿಕ ಸದಸ್ಯತ್ವವೇನೂ ರದ್ದಾಗುವುದಿಲ್ಲ. ಆದರೆ ಸಂಸ್ಥೆಯ ಸದಸ್ಯತ್ವದ ಮೂಲಕ ಸಿಗುತ್ತಿದ್ದ ತರಬೇತಿ, ಸಮಾವೇಶಗಳ ರಿಯಾಯಿತಿ ತಪ್ಪುತ್ತದೆ. ದೊಡ್ಡ ನಗರದ ಗ್ರಂಥಾಲಯಕ್ಕೆ ಇದು ಅಷ್ಟಾಗಿ ತಟ್ಟದು. ಒಬ್ಬಿಬ್ಬರು ಸಿಬ್ಬಂದಿಯ ಹಳ್ಳಿಯ ಗ್ರಂಥಾಲಯಕ್ಕೆ ರಾಜ್ಯದ ನೆರವೇ ಆಸರೆ.

ನಮ್ಮಲ್ಲಿಯೂ ಒಂದು ಉದಾಹರಣೆ

ಸಂಘದ ಅಧ್ಯಕ್ಷ ಸ್ಥಾನವನ್ನು ಬೇರೊಂದು ರೀತಿಯಲ್ಲಿ ಬಳಸಿಕೊಂಡ ನಿದರ್ಶನ ಭಾರತದಲ್ಲಿದೆ. ಭಾರತೀಯ ಗ್ರಂಥಾಲಯ ಸಂಘ 1933ರಲ್ಲಿ ಕಲ್ಕತ್ತಾದಲ್ಲಿ ಸ್ಥಾಪನೆಯಾಯಿತು. 1944ರಿಂದ 1953ರವರೆಗೆ ಅದರ ಅಧ್ಯಕ್ಷರಾಗಿದ್ದ ಎಸ್.ಆರ್. ರಂಗನಾಥನ್ ಆ ಸ್ಥಾನಕ್ಕಿದ್ದ ಗೌರವವನ್ನು ಗ್ರಂಥಾಲಯ ಕಾನೂನುಗಳ ಕರಡು ರಚನೆಗೂ ಅವುಗಳ ಪರ ಪ್ರಚಾರಕ್ಕೂ ವಿನಿಯೋಗಿಸಿದರು. ಅವರ ಶ್ರಮದ ಫಲವಾಗಿ 1948ರಲ್ಲಿ ಮದ್ರಾಸಿನಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಕರ್ನಾಟಕದ ಕಾಯ್ದೆ 1965ರದು. ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ರಂಗನಾಥನ್ 1962ರಲ್ಲಿ ಇಲ್ಲಿಯೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಅವರಿಗೂ ಆದೇಶ ಹೊರಡಿಸುವ ಅಧಿಕಾರವಿರಲಿಲ್ಲ. ಇದ್ದದ್ದು ವೃತ್ತಿಯ ಪರವಾಗಿ ಮಾತನಾಡುವ ಹಕ್ಕು ಮಾತ್ರ.

ಅಮೆರಿಕದ ಸಂಘದ ಮುಂದೆ ಈಗಿರುವ ಸವಾಲು ಹಣದ್ದೂ ಹೌದು. ಗ್ರಂಥಾಲಯಗಳಿಗೆ ಒಕ್ಕೂಟ ಸರ್ಕಾರದ ಅನುದಾನ ಹಂಚುವ ಸಂಸ್ಥೆಯನ್ನು ಕುಗ್ಗಿಸಲು 2025ರ ಮಾರ್ಚ್‌ನಲ್ಲಿ ಆದೇಶ ಹೊರಟಿತು. ಏಪ್ರಿಲ್‌ನಲ್ಲಿ ಸಂಘ ನ್ಯಾಯಾಲಯದ ಮೆಟ್ಟಿಲೇರಿತು. ಆಗ ಅಧ್ಯಕ್ಷೆಯಾಗಿದ್ದವರು ಸಿಂಡಿ ಹೋಲ್. ಅವರ ನಂತರ ಅದೇ ವರ್ಷದ ಮಧ್ಯಭಾಗದಲ್ಲಿ ಅಯೋವಾ ರಾಜ್ಯದ ಸ್ಯಾಮ್ ಹೆಲ್ಮಿಕ್ ಅಧಿಕಾರ ವಹಿಸಿಕೊಂಡರು.

ಇಂಥ ದಿನಗಳಲ್ಲಿ ಅಧ್ಯಕ್ಷ ಸ್ಥಾನ ಬಯಸುವ ಗ್ರಂಥಪಾಲಕರು ತಮ್ಮ ಮಾತು ವೈಯಕ್ತಿಕವಾಗಿ ಉಳಿಯುವುದಿಲ್ಲ ಎಂಬುದನ್ನು ಅರಿತೇ ಕಣಕ್ಕಿಳಿಯಬೇಕಾಗಿದೆ. ಮತ ಹಾಕುವವರ ಹೊಣೆಯೂ ಕಡಿಮೆಯದಲ್ಲ. ಇಡೀ ವೃತ್ತಿಯ ಪರವಾಗಿ ಯಾರು ಮಾತನಾಡಬೇಕೆಂಬುದನ್ನು ಐದರಲ್ಲಿ ಒಂದು ಪಾಲು ಸದಸ್ಯರಷ್ಟೇ ತೀರ್ಮಾನಿಸಿದರೆ, ಆ ಮಾತಿನ ಪರಿಣಾಮವನ್ನು ಮಾತ್ರ ಮತ ಹಾಕದ ನಾಲ್ಕು ಪಾಲು ಸದಸ್ಯರೂ, ಅವರ ಗ್ರಂಥಾಲಯಕ್ಕೆ ಬರುವ ಓದುಗರೂ ಅನುಭವಿಸಬೇಕಾಗುತ್ತದೆ.