ಸದ್ದು ಮಾಡುವ ಚೆಂಡು ಮತ್ತು ಅದರ ಅನುದಾನ

ಹನ್ನೊಂದು ಮಂದಿಯ ತಂಡದಲ್ಲಿ ನಾಲ್ವರಾದರೂ ಸಂಪೂರ್ಣ ಅಂಧರಾಗಿರಲೇಬೇಕೆಂಬ ನಿಯಮದ ಮೇಲೆ ನಿಂತಿರುವ ಕ್ರಿಕೆಟ್ಟೊಂದು ನಮ್ಮ ಬೆಂಗಳೂರನ್ನೇ ತನ್ನ ಕೇಂದ್ರವನ್ನಾಗಿ ಮಾಡಿಕೊಂಡು, ವಿಶ್ವಕಪ್ಪುಗಳನ್ನು ಒಂದರ ಮೇಲೊಂದರಂತೆ ಗೆದ್ದು ತಂದಿದ್ದರೂ, ಅದು ಹೇಗೆ ನಡೆಯುತ್ತದೆ, ಯಾರ ಹಣದಿಂದ ನಡೆಯುತ್ತದೆ ಎಂಬುದು ಕ್ರಿಕೆಟ್ಟಿನ ಅಭಿಮಾನಿಗಳಲ್ಲಿಯೂ ಅನೇಕರಿಗೆ ತಿಳಿಯದು.

ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು; ಒಳಗೆ ಲೋಹದ ಸಣ್ಣ ಗುಂಡುಗಳು. ಬೌಲರನು 'ರೆಡಿ' ಎಂದು ಕೇಳಿ, ಬ್ಯಾಟುಗಾರನಿಂದ 'ಯೆಸ್' ಎಂಬ ಉತ್ತರ ಬಂದ ಮೇಲೆ 'ಪ್ಲೇ' ಎಂದು ಕೂಗಿ, ಕೈಯನ್ನು ಸೊಂಟದ ಕೆಳಗಿನಿಂದಲೇ ಬೀಸಿ ಬಿಡುವ ಆ ಚೆಂಡು, ಪಿಚ್ಚಿನ ನಡುಭಾಗವನ್ನು ಮುಟ್ಟುವುದಕ್ಕೆ ಮುನ್ನವೇ ನೆಲಕ್ಕೆ ತಾಗಿ ಗಲಗಲನೆ ಉರುಳುತ್ತ ಬರುವಾಗ, ಬ್ಯಾಟುಗಾರನು ಒಂದು ಮೊಣಕಾಲೂರಿ, ಸದ್ದಿನ ಜಾಡನ್ನು ಹಿಡಿದು ಬ್ಯಾಟನ್ನು ಅಡ್ಡಲಾಗಿ ಬೀಸುತ್ತಾನೆ. ಸ್ವೀಪ್ ಎಂಬ ಆ ಹೊಡೆತವೇ ಇಲ್ಲಿಯ ಪ್ರಧಾನ ವಿದ್ಯೆ. ಸಂಪೂರ್ಣ ಅಂಧನು ಗಳಿಸಿದ ಓಟಗಳು ದ್ವಿಗುಣವಾಗುತ್ತವೆ. ಅವನು ಒಂದು ಪುಟದ ಅನಂತರ ಹಿಡಿದ ಚೆಂಡೂ ಕ್ಯಾಚೆಂದೇ ಗಣ್ಯವಾಗುತ್ತದೆ. ಇವು ದಯೆಯ ರಿಯಾಯಿತಿಗಳೆಂದು ನಾನು ಭಾವಿಸಲಾರೆ. ತಂಡದಲ್ಲಿ ಅತಿ ಕಡಮೆ ಕಾಣುವವನೇ ಪಂದ್ಯದ ನಿರ್ಣಾಯಕನಾಗುವಂತೆ ಹೆಣೆದ ಈ ನಿಯಮಗಳಲ್ಲಿ ನ್ಯಾಯಬುದ್ಧಿಯೊಂದು ಕೆಲಸ ಮಾಡಿದೆ.

1922ರಲ್ಲಿ ಮೆಲ್ಬರ್ನ್ ನಗರದ ಅಂಧ ಕಾರ್ಮಿಕರು ಡಬ್ಬಿಯೊಳಗೆ ಕಲ್ಲುಗಳನ್ನು ಹಾಕಿ ಆಡಿಕೊಂಡ ಆಟ ಇದು. ಇದಕ್ಕೆ ವಿಶ್ವಮಂಡಳಿಯೊಂದು ಏರ್ಪಟ್ಟುದು 1996ರಲ್ಲಿ. ಮೊದಲ ವಿಶ್ವಕಪ್ಪು ನಡೆದುದು 1998ರಲ್ಲಿ, ದೆಹಲಿಯಲ್ಲಿ. ಸ್ವತಃ ದೃಷ್ಟಿಹೀನರಾದ ಮಹಾಂತೇಶ ಕಿವಡಸಣ್ಣವರ ಅವರು ಗೆಳೆಯ ನಾಗೇಶರೊಡನೆ 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಮರ್ಥನಂ ಸಂಸ್ಥೆಯ ಆಶ್ರಯದಲ್ಲಿಯೇ ಮುಂದೆ ಭಾರತೀಯ ಅಂಧರ ಕ್ರಿಕೆಟ್ ಸಂಸ್ಥೆ ಬೆಳೆಯಿತು. 2012, 2017, 2022ರ ಟಿ-20 ವಿಶ್ವಕಪ್ಪುಗಳು ಮೂರೂ ಭಾರತದ ಪಾಲಾದುವು. ಶಿವಮೊಗ್ಗದ ಅಂಧರ ಶಾಲೆಯಲ್ಲಿ ಆಟವನ್ನು ಕಲಿತು, 2012ರಲ್ಲಿ ತಂಡದ ನಾಯಕರಾಗಿದ್ದ ಶೇಖರ್ ನಾಯಕ್ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. 2025ರಲ್ಲಿ ಅಂಧ ಮಹಿಳೆಯರ ಪ್ರಥಮ ವಿಶ್ವಕಪ್ಪನ್ನು ದೀಪಿಕಾ ಟಿ.ಸಿ. ಅವರ ತಂಡ ಕೊಲಂಬೋದಲ್ಲಿ ಗೆದ್ದಿತು.

ಇಷ್ಟೆಲ್ಲ ಆಗಿಯೂ, ದೇಶದ ಶ್ರೀಮಂತ ಕ್ರಿಕೆಟ್ ಮಂಡಳಿಯ ನಿಯತವಾದ ಆಶ್ರಯವಿಲ್ಲದೆ, ಈ ಆಟವು ಬಹುಮಟ್ಟಿಗೆ ದಾನಿಗಳನ್ನೂ ಕಂಪನಿಗಳನ್ನೂ ನೆಚ್ಚಿಕೊಂಡೇ ಬದುಕಿದೆ. ಕಂಪನಿ ಕಾಯಿದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕು. ಗ್ರಾಮೀಣ, ರಾಷ್ಟ್ರಮಾನ್ಯ, ಒಲಿಂಪಿಕ್, ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿಗೂ ಅದರಲ್ಲಿ ಅವಕಾಶವುಂಟು. ಅಂಧರ ಕ್ರಿಕೆಟ್ಟು ಪ್ಯಾರಾಲಿಂಪಿಕ್ಸಿನಲ್ಲಿ ಸೇರಿಲ್ಲವಾದುದರಿಂದ, ಅದನ್ನು ಯಾವ ಬಾಬಿನ ಕೆಳಗೆ ತೋರಿಸಬೇಕೆಂಬ ಚಿಂತೆ ಅರ್ಜಿದಾರರಿಗೆ ಮೊದಲೇ ಹತ್ತಿಕೊಳ್ಳುತ್ತದೆ. ಹಣ ಬಂದ ಮೇಲೆ ಲೆಕ್ಕಪರಿಶೋಧನೆ, ಬಳಕೆ ಪ್ರಮಾಣಪತ್ರ ಮೊದಲಾದುವು ಇದ್ದೇ ಇವೆ, ಇರತಕ್ಕವೂ ಹೌದು. ಆದರೆ ಒಂದು ಪಂದ್ಯಾವಳಿಗೆ, ಒಂದು ಜಯಕ್ಕೆ ದೊರೆಯುವ ಧನವು ಮುಂದಿನ ವರ್ಷದ ಅಭ್ಯಾಸಕ್ಕೆ ಉಳಿಯುವುದಿಲ್ಲ. ಹಳ್ಳಿಯಿಂದ ಶಿಬಿರಕ್ಕೆ ಬರುವ ಅಂಧ ಬಾಲಕಿಯೊಡನೆ ತಾಯಿಯೋ ಅಣ್ಣನೋ ಬರಬೇಕು. ಅವರ ಆ ದಿನದ ಕೂಲಿ ತಪ್ಪುತ್ತದೆ, ಇಬ್ಬರ ಊಟವಸತಿಯ ವೆಚ್ಚ ಬೀಳುತ್ತದೆ, ಒಡೆದ ಚೆಂಡಿಗೆ ಬದಲಾಗಿ ಬೇರೊಂದನ್ನು ತರಿಸಬೇಕು. ನಾನು ಅನುದಾನವನ್ನು ನೀಡುವ ಸ್ಥಾನದಲ್ಲಿದ್ದರೆ, ವಿಜಯೋತ್ಸವದ ಬಹುಮಾನಕ್ಕಿಂತ ಮೊದಲು ಈ ಸಣ್ಣ ವೆಚ್ಚಗಳನ್ನು ವರ್ಷವರ್ಷವೂ ಭರಿಸುವ ನಿಧಿಗೆ ಸಹಿ ಹಾಕುವೆನು.

ಇದು ಔದಾರ್ಯಕ್ಕಷ್ಟೇ ಬಿಟ್ಟ ವಿಷಯವೂ ಅಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯಿದೆಯು ತನ್ನ 29ನೆಯ ಕಲಮಿನಲ್ಲಿ ಸಾಂಸ್ಕೃತಿಕ ಜೀವನ ಹಾಗೂ ವಿನೋದದ ಹಕ್ಕನ್ನು ಹೇಳಿ, 30ನೆಯದರಲ್ಲಿ ಕ್ರೀಡಾ ಸೌಕರ್ಯಗಳಿಗಾಗಿ ಹಣವನ್ನು ಒದಗಿಸುವ ಕರ್ತವ್ಯವನ್ನು ಸರ್ಕಾರದ ಮೇಲೆ ಹೊರಿಸಿದೆ. ವಿನೋದವೆಂಬ ಮಾತು ಕಾಯಿದೆಯೊಳಗೆ ಬಂದಿರುವುದನ್ನು ಕಂಡು ನನಗೆ ಸಂತೋಷವಾಯಿತು. ಏಕೆಂದರೆ ಪದಕದ ಆಸೆಯಿಲ್ಲದೆ ಸಂಜೆಯ ಹೊತ್ತು ಆಡಬಯಸುವ ಮಧ್ಯವಯಸ್ಕ ಅಂಧನ ಕಡೆಗೆ ಯಾವ ಪ್ರಾಯೋಜಕನ ದೃಷ್ಟಿಯೂ ಸುಲಭವಾಗಿ ಹರಿಯದು. ಕಪ್ಪು ಮನೆಗಳು ತುಸು ಉಬ್ಬಿರುವ, ಪ್ರತಿ ಮನೆಯಲ್ಲಿಯೂ ಕಾಯಿಯ ಕಡ್ಡಿ ನಿಲ್ಲಲು ರಂಧ್ರವಿರುವ, ಒಂದು ಪಕ್ಷದ ಕಾಯಿಗಳ ನೆತ್ತಿಯ ಮೇಲೆ ಬೆರಳಿಗೆ ತಾಗುವ ಮೊಳೆಯಿರುವ ಚದುರಂಗದ ಮಣೆಯೊಂದು ಅಂಥವನಿಗೆ ಸಾಕು. ನಮ್ಮ ಗ್ರಾಮ ಪಂಚಾಯಿತಿಗಳೂ ನಗರಸಭೆಗಳೂ ವಿಕಲಚೇತನರಿಗಾಗಿ ತೆಗೆದಿಡಬೇಕಾದ ಶೇ. 5ರ ನಿಧಿಯಿಂದ ಇಂಥ ಒಂದೆರಡು ಮಣೆಗಳನ್ನೂ, ಸದ್ದಿನ ಚೆಂಡುಗಳನ್ನೂ ಕೊಂಡು ಊರ ಗ್ರಂಥಾಲಯದಲ್ಲಿ ಇರಿಸಬೇಕೆಂದು ಗ್ರಾಮಸಭೆಯಲ್ಲಿ ಯಾರು ಬೇಕಾದರೂ ಎದ್ದು ಕೇಳಬಹುದು.