ಭರವಸೆಯ ವ್ಯಾಕರಣ

ಯುಗಾದಿಯ ದಿನ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಬೇವು-ಬೆಲ್ಲ ನಾಲಿಗೆಗೆ ತಾಗುವ ಮೊದಲೇ ಹಾಡೊಂದು ಕಿವಿಗೆ ಬೀಳುತ್ತದೆ. ದ. ರಾ. ಬೇಂದ್ರೆಯವರ ‘ಯುಗಾದಿ’ ಕವಿತೆ 1963ರ ‘ಕುಲವಧು’ ಚಿತ್ರದಲ್ಲಿ ಎಸ್. ಜಾನಕಿಯವರ ಕಂಠದಿಂದ ಮೂಡಿಬಂದ ಮೇಲೆ ಕನ್ನಡಿಗರ ಹಬ್ಬದ ಹಾಡೇ ಆಗಿಬಿಟ್ಟಿದೆ. ಆದರೆ ಅದನ್ನು ಬರಿಯ ಹಬ್ಬದ ಹಾಡೆಂದು ಕೇಳಿ ಮರೆಯುವುದು ಕವಿಗೆ ಬಗೆಯುವ ಅನ್ಯಾಯ.

ಅರ್ಥಶಾಸ್ತ್ರ ಓದಿ, ಮೂರು ದಶಕ ಸರ್ಕಾರಿ ಕಡತಗಳೊಡನೆ ಬಾಳಿದವನು ನಾನು. ಕಡತದ ಕನ್ನಡಕ್ಕೂ ತನ್ನದೇ ಭರವಸೆಯುಂಟು: ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಇಲ್ಲಿ ಕ್ರಿಯೆ ಭವಿಷ್ಯತ್ತಿನದು. ಕರ್ತೃವಿಗೆ ಮಾತ್ರ ಪತ್ತೆಯಿಲ್ಲ. 2009ರ ನೆರೆಯಲ್ಲಿ ಉತ್ತರ ಕರ್ನಾಟಕ ತತ್ತರಿಸಿದಾಗ ಇಂಥ ವಾಕ್ಯಗಳಿಗೆ ನಾನೂ ಸಹಿ ಹಾಕಿದ್ದೇನೆ. ಮರುವರ್ಷದ ಯುಗಾದಿಗೆ ಮಲಪ್ರಭೆಯ ದಂಡೆಯ ತಗಡಿನ ಶೆಡ್ಡುಗಳತ್ತ ಹೋಗಿದ್ದೆ. ಮನೆ, ಬೆಳೆ, ಎಮ್ಮೆ ಮೂರನ್ನೂ ಕಳೆದುಕೊಂಡಿದ್ದ ವೃದ್ಧೆಯೊಬ್ಬಳು ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಿದ್ದಳು. ಪರಿಹಾರದ ಮಾತೆತ್ತಿದೆ. ‘ಅದು ಬಂದಾಗ ಬರ್ಲಿ ಸಾಹೇಬ್ರ, ಹಬ್ಬ ಅಂತೂ ಬಂದೈತಲ್ಲ’ ಎಂದಳು.

ಕವಿತೆ ನನಗೆ ಅರ್ಥವಾದದ್ದು ಆಗ. ಗತಿಸಿದ್ದನ್ನು ಬೇಂದ್ರೆ ಅಲ್ಲಗಳೆಯುವುದಿಲ್ಲ. ‘ಆದರೂ’ ಎಂಬರ್ಥದ ಪುಟ್ಟ ಪ್ರತ್ಯಯದಲ್ಲಿ ಅದನ್ನು ಒಪ್ಪಿಕೊಂಡೇ ಮುಂದೆ ಸಾಗುತ್ತಾರೆ. ಯುಗಾದಿ ಬಂದೀತು ಎಂದು ಅವರು ಆಶ್ವಾಸನೆ ನೀಡುವುದಿಲ್ಲ. ಈಗಲೇ ಬರುತ್ತಿದೆ ಎಂದು ವರ್ತಮಾನದಲ್ಲಿ ಸಾರುತ್ತಾರೆ. ಬೇವಿನ ಕಹಿ ತೊಲಗಿದ ಮೇಲೆ ಕಂಪು ಬರುವುದೂ ಅಲ್ಲ. ಕಹಿಯಾದ ಬಾಳಿನೊಳಗೇ, ಸಪ್ತಮೀ ವಿಭಕ್ತಿಯಲ್ಲಿ, ಅದು ಹರಡುತ್ತದೆ.

ಹಬ್ಬದ ಸಡಗರದಲ್ಲಿ ನಾವು ಗಮನಿಸದಿರುವುದು ಕವಿತೆಯ ಉತ್ತರಾರ್ಧದ ಪ್ರಶ್ನೆಯನ್ನು. ಪ್ರಕೃತಿಗೆ ವರ್ಷಕ್ಕೊಮ್ಮೆ ಹೊಸ ಹುಟ್ಟು. ಮನುಷ್ಯನಿಗೆ ಬಾಲ್ಯ, ಯೌವನಗಳು ಒಂದೇ ಸಲವೇಕೆ? ತಮ್ಮ ಮಕ್ಕಳ ಸಾವನ್ನು ಮತ್ತೆ ಮತ್ತೆ ಕಂಡವರು ಬೇಂದ್ರೆ. ಅಂಥವರು ಸುಲಭದ ಸಮಾಧಾನ ಹೇಳದೆ, ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಉಳಿಸಿದ್ದರಿಂದಲೇ ಆ ಭರವಸೆ ನಂಬಲರ್ಹವಾಗಿದೆ.

ಆಳುವವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಜನರ ತಾಳ್ಮೆಯನ್ನು ಕೊಂಡಾಡುವುದು ಸುಲಭ. ಅದನ್ನೇ ನೆಪವಾಗಿಸಿಕೊಳ್ಳುವುದು ಇನ್ನೂ ಸುಲಭ. ಆ ವೃದ್ಧೆಯ ತೋರಣ ಅವಳ ಭರವಸೆಯ ಗುರುತೇ ಹೊರತು ನಮ್ಮ ವಿಳಂಬಕ್ಕೆ ಕೊಟ್ಟ ಮಾಫಿಯಲ್ಲ. ಕವಿಗೆ ‘ಬರುತ್ತಿದೆ’ ಎನ್ನುವ ಹಕ್ಕಿದೆ. ಅಧಿಕಾರಿಗೆ ಇರುವುದು ‘ತಲುಪಿಸಿದ್ದೇನೆ’ ಎನ್ನಬೇಕಾದ ಹೊಣೆ. ಸೇವೆಯಲ್ಲಿದ್ದಾಗ ಆ ವಾಕ್ಯವನ್ನು ನಾನು ಬರೆದದ್ದು ಸಾಲದು.