ಜಾತ್ರೆಯ ಮಕ್ಕಳ ತಿರುಗುತೊಟ್ಟಿಲು: ಪರವಾನಗಿಗೆ ಮುನ್ನ ಗಮನಿಸಬೇಕಾದುದು

ಸುಗ್ಗಿ ಮುಗಿದೊಡನೆ ಜಾತ್ರೆಗಳು ಆರಂಭಗೊಳ್ಳುತ್ತವೆ. ತೇರಿಗೆ ಅಲಂಕಾರವಾಗುವ ಮುನ್ನವೇ ಮಕ್ಕಳ ತಿರುಗುತೊಟ್ಟಿಲು, ಚಿಕ್ಕ ರೈಲು, ಸುತ್ತುವ ಕುದುರೆಗಳು ಲಾರಿಯಲ್ಲಿ ಬಂದಿಳಿಯುತ್ತವೆ. ನಗರದ ಮನರಂಜನಾ ಉದ್ಯಾನದ ಯಂತ್ರಗಳಂತೆ ಇವು ಒಂದೆಡೆ ನಿಲ್ಲುವುದಿಲ್ಲ. ಊರಿಂದ ಊರಿಗೆ ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸುವುದರಿಂದ ಪಿನ್ನು, ಬೋಲ್ಟುಗಳು ಸವೆಯುತ್ತವೆ. ಕಳೆದುಹೋದ ಪಿನ್ನಿನ ಜಾಗದಲ್ಲಿ ತಂತಿ ಸುತ್ತಿರುವುದೂ ಉಂಟು. ಅಂತಹ ಒಂದು ತಂತಿ ಕಂಡರೂ ಪರವಾನಗಿಯನ್ನು ತಡೆಹಿಡಿಯುವುದು ಸೂಕ್ತ. ನೆಲಬಾಡಿಗೆ ವಸೂಲಿಗೆ ತೋರುವ ಮುತುವರ್ಜಿ ಇಲ್ಲಿಯೂ ಅಗತ್ಯ.

ಹೆಚ್ಚಿನ ಗಮನ ನೆಲಕ್ಕೆ ಸಲ್ಲಬೇಕು. ಎರೆ ಮಣ್ಣಿನ ಹೊಲ ಒಣಗಿದಾಗ ಕಲ್ಲಿನಂತಿದ್ದರೂ ಅಕಾಲಿಕ ಮಳೆಗೆ ಉಬ್ಬಿ ಮೆತ್ತಗಾಗುತ್ತದೆ. ಒಂದು ಕಾಲು ಕುಸಿದರೆ ನಡುಗಂಬ ಓರೆಯಾಗಿ, ಭಾರವು ಒಂದೇ ಬದಿಗೆ ವಾಲುತ್ತದೆ. ಆದುದರಿಂದ ಕಾಲುಗಳ ಕೆಳಗೆ ಅಗಲವಾದ ದಪ್ಪ ಹಲಗೆಗಳಿರಬೇಕು. ಮಳೆ ಬಂದ ಮೇಲೆ ರಸಮಟ್ಟವಿಟ್ಟು ಪುನಃ ಪರೀಕ್ಷಿಸದೆ ಆಟ ನಡೆಸಕೂಡದು. ಕಬ್ಬಿಣದ ಚೌಕಟ್ಟಿಗೆ ಅರ್ಥಿಂಗ್ ಹಾಗೂ 30 ಮಿಲಿಆಂಪಿಯರ್ ಸೋರಿಕೆಗೆ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿ ಇರತಕ್ಕದ್ದು.

ಮಕ್ಕಳನ್ನು ಕೂರಿಸುವವನೇ ಓಡಿಬಂದು ಸ್ವಿಚ್ಚು ಒತ್ತುವ ರೂಢಿ ಸರಿಯಲ್ಲ. ಒಬ್ಬನು ಪ್ರತಿ ಆಸನದ ಸರಪಳಿ ನೋಡಿ ಕೈ ತೋರಿದ ಮೇಲಷ್ಟೇ ಇನ್ನೊಬ್ಬನು ಯಂತ್ರ ಚಾಲೂ ಮಾಡಬೇಕು. ಅವನು ಸ್ವಿಚ್ಚು ಬಿಟ್ಟು ಟಿಕೆಟ್ ಹಣ ಎಣಿಸಲು ಹೋಗಬಾರದು. ಮೋಟಾರಿನ ಬೆಲ್ಟಿಗೆ ಕವಚವಿಲ್ಲದಿದ್ದರೆ ಜಡೆ, ಲಂಗ ಸಿಲುಕುವುದು ಕ್ಷಣದ ಮಾತು.

ತೇರಿನ ದಿನ ಜನಸಂದಣಿಯಲ್ಲಿ ತಪಾಸಣೆ ಸಾಧ್ಯವಾಗದು. ಜೋಡಣೆ ಮುಗಿದ ದಿನವೇ ಆಸನಗಳಲ್ಲಿ ಮರಳಿನ ಚೀಲಗಳನ್ನಿಟ್ಟು, ಸದಸ್ಯರು ಹಾಗೂ ಪಂಚಾಯತ್ ಅಭಿವೃದ್ಧಿ ಅಧಿಕಾರಿಯ ಎದುರಿನಲ್ಲಿ ಯಂತ್ರವನ್ನು ಓಡಿಸಿ ತೋರಿಸುವಂತೆ ಮಾಲೀಕರಿಗೆ ಸೂಚಿಸಬಹುದು.